ಮೊದಲ ಸಲ ಉಪ್ಪುನೀರಿನ ಹವಳದ ಟ್ಯಾಂಕ್: 20 ಲೀಟರ್ ಸಾಕಾ? ಎಲ್ಲಿಂದ ಶುರು ಮಾಡಲಿ?

ಹೊಸ_ತೊಟ್ಟಿ
ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನು, ಗಿಡದ ಟ್ಯಾಂಕ್ ಎರಡೂ ಸಾಕಿ ಅಭ್ಯಾಸ ಇದೆ. ಈಗ ಹವಳ ಬೆಳೆಸಬೇಕು ಅಂತ ಬಹಳ ಆಸೆ. ಜಾಗ ಕಡಿಮೆ, ಅದಕ್ಕೆ 20 ಲೀಟರಿನ ಪುಟ್ಟ ಟ್ಯಾಂಕ್ ನೋಡಿಟ್ಟಿದ್ದೇನೆ. ಚಿಕ್ಕದಾದಷ್ಟೂ ಕೆಲಸ ಕಡಿಮೆ ಅಲ್ವಾ? ಎರಡು ಕ್ಲೌನ್ ಮೀನು, ಅವಕ್ಕೊಂದು ಅನಿಮೋನ್ (ಹೂವಿನಂಥ ಸಮುದ್ರಜೀವಿ), ನಾಲ್ಕೈದು ಹವಳ, ಆಮೇಲೆ ಒಂದು ನೀಲಿ ಟ್ಯಾಂಗ್ ಮೀನು. ಇಷ್ಟೇ ಯೋಚನೆ. ಮೊದಲು ಏನು ತರಬೇಕು, ಆಮೇಲೆ ಏನು, ಸ್ವಲ್ಪ ಬಿಡಿಸಿ ಹೇಳಿ.

ಅಲೆಗಾರ
ಸ್ವಾಗತ. ಮೊದಲು ಟ್ಯಾಂಕಿನ ಅಳತೆಯ ವಿಷಯ ಮುಗಿಸೋಣ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಉಪ್ಪುನೀರಿನಲ್ಲಿ ಚಿಕ್ಕ ಟ್ಯಾಂಕೇ ಹೆಚ್ಚು ಕಷ್ಟ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಸಮುದ್ರದ ನೀರಿನ ಉಪ್ಪಿನಂಶ ಸುಮಾರು 35 ಪಿಪಿಟಿ, ಅಂದರೆ ಕೆಜಿ ನೀರಿಗೆ 35 ಗ್ರಾಂ. 20 ಲೀಟರಿನಲ್ಲಿ 1 ಲೀಟರ್ ಆವಿಯಾದರೆ ಅದು 36.8ಕ್ಕೆ ಏರುತ್ತದೆ. 80 ಲೀಟರಿನಲ್ಲಿ ಅಷ್ಟೇ ನೀರು ಹೋದರೆ 35.4 ಮಾತ್ರ. ಬಿಸಿಯ ಕಥೆಯೂ ಹೀಗೇ, ಜಾಸ್ತಿಯಾದ ಆಹಾರದ ಕಥೆಯೂ ಹೀಗೇ. ನೀರು ಕಡಿಮೆ ಇದ್ದಷ್ಟೂ ಎಲ್ಲವೂ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಹವಳಕ್ಕೆ ಈ ಏರಿಳಿತವೇ ಶತ್ರು. ಅಂಕೆ ಸ್ವಲ್ಪ ಆಚೀಚೆ ಇದ್ದರೂ ಸಹಿಸಿಕೊಳ್ಳುತ್ತದೆ, ದಿನಾ ಬದಲಾಗುವ ಅಂಕೆಯನ್ನು ಸಹಿಸುವುದಿಲ್ಲ.

ಹಾಗಾಗಿ ಜಾಗ ಹೇಗಾದರೂ ಹೊಂದಿಸಿ 75ರಿಂದ 100 ಲೀಟರಿನ ಟ್ಯಾಂಕ್ ತೆಗೆದುಕೊಳ್ಳಿ. ಕಲ್ಲು, ಮರಳು, ಗಾಜು ಎಲ್ಲ ಸೇರಿ 100 ಕೆಜಿ ದಾಟುತ್ತದೆ. ಸುಮ್ನೆ ಯಾವುದೋ ಮೇಜಿನ ಮೇಲೆ ಇಡಬೇಡಿ. ಸ್ಟ್ಯಾಂಡ್ ಗಟ್ಟಿಯಾಗಿರಲಿ, ನಾಲ್ಕೂ ಕಡೆ ಸಮ ಇದೆಯಾ ಅಂತ ಮಟ್ಟಗೋಲು ಇಟ್ಟು ನೋಡಿ.

ನೀಲಿ ಟ್ಯಾಂಗ್ ಬೇಡವೇ ಬೇಡ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ 30 ಸೆಂಟಿಮೀಟರ್ ಹತ್ತಿರ ಹೋಗುತ್ತದೆ. ದಿನವಿಡೀ ಈಜುವ ಮೀನು ಅದು. ಅನಿಮೋನ್ ಕೂಡ ಈಗ ಬೇಡ. ಟ್ಯಾಂಕಿಗೆ ಒಂದು ವರ್ಷವಾದರೂ ಆಗಲಿ. ಅನಿಮೋನ್ ಇಲ್ಲದಿದ್ದರೆ ಕ್ಲೌನ್ ಮೀನಿಗೆ ಯಾವ ಕೊರತೆಯೂ ಆಗುವುದಿಲ್ಲ.

ನೀರುಪರೀಕ್ಷೆ
ಅಲೆಗಾರ ಅವರು ಹೇಳಿದ್ದು ಸರಿ. ನಾನು ನೀರಿನ ಬಗ್ಗೆ ಬರೆಯುತ್ತೇನೆ. ಜನ ಲೈಟಿಗೆ ದುಡ್ಡು ಸುರಿದು ನೀರಿನಲ್ಲಿ ಉಳಿಸಲು ನೋಡುತ್ತಾರೆ. ಉಲ್ಟಾ ಮಾಡಿ.

ನಲ್ಲಿ ನೀರು ಬಳಸಬೇಡಿ. ಅದರಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್, ಫಾಸ್ಫೇಟ್, ಸಿಲಿಕೇಟ್ ಇರಬಹುದು. ಪೈಪಿನಿಂದ ತಾಮ್ರವೂ ಬರಬಹುದು. ತಾಮ್ರ ಸ್ವಲ್ಪ ಇದ್ದರೂ ಸಿಗಡಿ, ಬಸವನಹುಳು, ಹವಳಕ್ಕೆ ವಿಷ. ಆರ್‌ಒ (ಸೂಕ್ಷ್ಮ ಪೊರೆಯ ಫಿಲ್ಟರ್) ಮತ್ತು ಡಿಐ (ಉಳಿದ ಖನಿಜ ಹೀರುವ ರೆಸಿನ್) ಎರಡೂ ದಾಟಿದ ನೀರು ಬೇಕು. ನೀರಿನಲ್ಲಿ ಕರಗಿದ ವಸ್ತು ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು.

ಅಡುಗೆ ಉಪ್ಪು ಅಲ್ಲ, ಹವಳದ ಟ್ಯಾಂಕಿಗೆ ಅಂತಲೇ ಮಾಡಿದ ಉಪ್ಪು ಬೇಕು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲ ಸೇರಿರುತ್ತದೆ. ಲೀಟರಿಗೆ ಹೆಚ್ಚುಕಡಿಮೆ 36ರಿಂದ 39 ಗ್ರಾಂ ಬೇಕಾಗುತ್ತದೆ, ಪ್ಯಾಕೆಟ್ ಮೇಲಿನ ಅಳತೆ ನೋಡಿ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಮಾಡಿದರೆ ಕೆಳಗಡೆ ದ್ರಾವಣ ತೀರಾ ಗಟ್ಟಿಯಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಕೂತುಬಿಡುತ್ತದೆ. ಬಕೆಟ್ಟಿನಲ್ಲಿ ಸಣ್ಣ ಪಂಪ್ ಓಡಿಸಿ, ನೀರು ತಿಳಿಯಾದ ಮೇಲೆ ಅಳೆಯಿರಿ. ಉಪ್ಪನ್ನು ಎಂದಿಗೂ ಜೀವಿಗಳಿರುವ ಟ್ಯಾಂಕಿಗೇ ನೇರ ಹಾಕಬೇಡಿ.

ಅಳೆಯಲು ರಿಫ್ರಾಕ್ಟೋಮೀಟರ್ ಇರಲಿ. ಅದನ್ನು ಶುದ್ಧ ನೀರಿನಿಂದ ಸೊನ್ನೆಗೆ ತಂದರೆ ಸಾಕು ಅನ್ನುತ್ತಾರೆ, ಆದರೆ ನಮಗೆ ಬೇಕಾದ ಜಾಗ 35. ಆದ್ದರಿಂದ 35 ಪಿಪಿಟಿ ದ್ರಾವಣ ಇಟ್ಟುಕೊಂಡು ಅದಕ್ಕೆ ಸರಿಮಾಡಿ, ಆಗಾಗ ಮತ್ತೆ ನೋಡಿ. 25 ಡಿಗ್ರಿಯಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ್ದು) 1.025ರಿಂದ 1.026 ಬರಬೇಕು. ಟ್ಯಾಂಕಿನ ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು.

ಹೊಸ_ತೊಟ್ಟಿ
ತುಂಬಾ ಧನ್ಯವಾದ. 80 ಲೀಟರ್ ಅಂತ ನಿರ್ಧಾರ ಮಾಡಿದೆ. ಎರಡು ಪ್ರಶ್ನೆ. ಕುಡಿಯುವ ನೀರಿನ ಆರ್‌ಒ ಮೆಷಿನ್ ಸಾಲದಾ? ಮತ್ತೆ, ಸಮುದ್ರದ ನೀರನ್ನೇ ತಂದು ಸುರಿದರೆ ಆಗುವುದಿಲ್ಲವಾ?

ನೀರುಪರೀಕ್ಷೆ
ಕುಡಿಯುವ ಮೆಷಿನ್ ಬಹುಪಾಲು ತೆಗೆಯುತ್ತದೆ, ಪೂರ್ತಿ ಅಲ್ಲ. ಕೆಲವು ಮೆಷಿನ್‌ಗಳು ರುಚಿಗೋಸ್ಕರ ಖನಿಜವನ್ನು ಮತ್ತೆ ಸೇರಿಸುತ್ತವೆ. ಅದರ ನೀರನ್ನು ಒಂದು ಡಿಐ ರೆಸಿನ್ ಕೊಳವೆಯಲ್ಲಿ ಹಾಯಿಸಿ ಟಿಡಿಎಸ್ 0 ಬಂದರೆ ಧಾರಾಳವಾಗಿ ಬಳಸಿ. ರೆಸಿನ್ ಖಾಲಿಯಾದಾಗ ಮೀಟರ್ ಏರತೊಡಗುತ್ತದೆ, ಆಗ ಬದಲಿಸಬೇಕು.

ದಡದ ನೀರು ಬೇಡ. ಚರಂಡಿ, ದೋಣಿಯ ಎಣ್ಣೆ, ಮಳೆ ನೀರು ಏನು ಬೆರೆತಿದೆಯೋ ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿರುವ ಸೂಕ್ಷ್ಮಜೀವಿಗಳು ಡಬ್ಬಿಯಲ್ಲಿ ಸತ್ತು ಕೊಳೆಯುತ್ತವೆ. ಇವತ್ತಿನ ನೀರು ಒಂದು ಥರ, ಮುಂದಿನ ವಾರದ್ದು ಇನ್ನೊಂದು ಥರ.

ಕಲ್ಲುಏಡಿ
ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಹವಳದ ಟ್ಯಾಂಕಿನ ನಿಜವಾದ ಫಿಲ್ಟರ್ ಕಲ್ಲೇ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ ತಮ್ಮ ವಿಧಾನ ಬರೆದು ಪ್ರಕಟಿಸಿದ್ದರು. ಜೀವಂತ ಕಲ್ಲು (ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು), ಗಾಳಿಯ ಗುಳ್ಳೆ, ಬೆಳಕು, ಇಷ್ಟೇ. ಇವತ್ತಿಗೂ ಅದರ ಮೂಲ ವಿಚಾರ ಬದಲಾಗಿಲ್ಲ. ಕಲ್ಲಿನ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಸಣ್ಣ ಹುಳು, ಕೋಪೆಪಾಡ್ ಅನ್ನುವ ಚುಕ್ಕಿಗಾತ್ರದ ಜೀವಿ, ಗುಲಾಬಿ ಬಣ್ಣದ ಕೋರಲೈನ್ ಪಾಚಿ ಎಲ್ಲ ಜೊತೆಗೇ ಬರುತ್ತವೆ. ಬರೀ ಒಣ ಕಲ್ಲಿನ ಟ್ಯಾಂಕಿನಲ್ಲಿ ಈ ವೈವಿಧ್ಯ ಬರಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳಲ್ಲೇ ಕೆಟ್ಟ ಪಾಚಿ ಖಾಲಿ ಜಾಗ ಹಿಡಿಯುವುದು.

ಹವಳಪ್ರಿಯೆ
ಕಲ್ಲುಏಡಿ ಅವರೇ, ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಜೀವಂತ ಕಲ್ಲಿನ ಜೊತೆ ಐಪ್ಟೇಸಿಯಾ ಕೂಡ ಬರುತ್ತದೆ. ಅದು ಕುಟುಕುವ ಪುಟ್ಟ ಅನಿಮೋನ್. ಕಿತ್ತರೆ ಉಳಿದ ಚೂರಿನಿಂದಲೇ ಮತ್ತೆ ಹುಟ್ಟುತ್ತದೆ. ಮ್ಯಾಂಟಿಸ್ ಸಿಗಡಿ, ಹವಳ ತಿನ್ನುವ ಏಡಿ ಕೂಡ ಬರಬಹುದು. ಪುಟ್ಟ ಟ್ಯಾಂಕಿನಲ್ಲಿ ಇವನ್ನು ಹಿಡಿಯುವುದು ದೊಡ್ಡ ಗೋಳು. ಇನ್ನೊಂದು ಕಾರಣ ನನಗೆ ಮುಖ್ಯ: ಸಮುದ್ರದ ಹವಳದ ದಿಬ್ಬದಿಂದ ಕಿತ್ತು ತಂದ ಕಲ್ಲನ್ನು ಕೊಳ್ಳಲು ಮನಸ್ಸು ಬರುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ಇದು. ಹೆಚ್ಚಿನದು ಒಣ ಕಲ್ಲು ಇರಲಿ. ಜೊತೆಗೆ ಚೆನ್ನಾಗಿ ನಡೆಯುತ್ತಿರುವ, ನಿಮ್ಮ ಕಣ್ಣಾರೆ ನೋಡಿದ ಒಂದು ಟ್ಯಾಂಕಿನಿಂದ ಮುಷ್ಟಿಗಾತ್ರದ ಕಲ್ಲು, ಒಂದು ಹಿಡಿ ಮರಳು ಕೇಳಿ ತನ್ನಿ. ಬೀಜಕ್ಕೆ ಅಷ್ಟು ಸಾಕು.

ಕಲ್ಲು ಜೋಡಿಸುವಾಗ ಮೊದಲು ತಳದ ಗಾಜಿನ ಮೇಲೆ ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ, ಬಿಲ ತೋಡುವ ಗೋಬಿ ಮೀನು ಅಡಿಯಿಂದ ಮರಳು ತೆಗೆದು ಕಲ್ಲು ಉರುಳುತ್ತದೆ. ಪಕ್ಕದ ಗಾಜಿಗೆ ಅಂಟಿಸಿ ಇಡಬೇಡಿ, ಸುತ್ತ ಉಜ್ಜಲು ಕೈ ಹೋಗಬೇಕು. ಗುಡ್ಡೆ ಹಾಕಬೇಡಿ, ನೀರು ಹರಿಯಲು ಸಂದು ಬಿಡಿ.

ಕಲ್ಲುಏಡಿ
ಬೀಜದ ಕಲ್ಲಿನ ಸಲಹೆ ನನಗೂ ಒಪ್ಪಿಗೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮುಳ್ಳುಮುಳ್ಳಿನ ಬ್ರಿಸಲ್ ಹುಳು ಕಂಡರೆ ಹೆದರಿ ಕೊಲ್ಲಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ ಅಷ್ಟೇ. ಬಹುಪಾಲು ಜಾತಿಗಳು ಉಳಿದ ಆಹಾರ, ಸತ್ತ ಜೀವಿಗಳನ್ನು ತಿಂದು ಟ್ಯಾಂಕ್ ಸ್ವಚ್ಛ ಮಾಡುತ್ತವೆ.

ಅಲೆಗಾರ
ಈಗ ಸೈಕಲ್, ಅಂದರೆ ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾವನ್ನು ಟ್ಯಾಂಕಿನಲ್ಲಿ ಬೆಳೆಸುವುದು. ಸಿಹಿನೀರಿನಲ್ಲಿ ಮಾಡಿದ್ದೀರಿ, ತತ್ವ ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಪಿಎಚ್ 8ರ ಆಸುಪಾಸು. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷ. ಹಾಗಾಗಿ ಸೈಕಲ್ ಮಾಡಲು ಮೀನನ್ನು ಬಿಡುವುದು ಕ್ರೌರ್ಯ, ದಯವಿಟ್ಟು ಮಾಡಬೇಡಿ.

ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತನ್ನಿ. ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಆಗುತ್ತದೆ. ಪಂಪ್, ಹೀಟರ್ ಓಡಲಿ, ಲೈಟ್ ಬೇಡ, ಪಾಚಿಗೆ ಸುಮ್ನೆ ಊಟ. 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾದರೆ ಮೀನಿಗೆ ಟ್ಯಾಂಕ್ ಸಿದ್ಧ. ಕೆಲವರಿಗೆ ಎರಡು ವಾರ, ಕೆಲವರಿಗೆ ಆರು ವಾರ. ನೈಟ್ರೈಟ್ ಇನ್ನೂ ಉಳಿದಿದ್ದರೆ ಸಿಹಿನೀರಿನಷ್ಟು ಗಾಬರಿ ಬೇಡ. ಸಮುದ್ರದ ನೀರಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಸುಲಭವಾಗಿ ಬಿಡುವುದಿಲ್ಲ. ಆದರೆ ನೈಟ್ರೈಟ್ ಇರುವಾಗ ನೈಟ್ರೇಟ್ ಟೆಸ್ಟ್ ಸುಳ್ಳು ಅಂಕೆ ತೋರಿಸುತ್ತದೆ, ಅದು ನೆನಪಿರಲಿ.

ಸಿಗಡಿ_ಸಂಗಾತಿ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರ್ ಬೇಕೇ ಬೇಕಾ? ನನ್ನದೂ ಪುಟ್ಟ ಟ್ಯಾಂಕ್.

ಅಲೆಗಾರ
ಈ ಅಳತೆಗೆ ಕಡ್ಡಾಯ ಇಲ್ಲ. ಮೀನು ಕಡಿಮೆ ಇದ್ದು ವಾರಕ್ಕೆ 10 ಶೇಕಡಾ ನೀರು ಬದಲಿಸಿದರೆ ಸಾಕು. ಆ ದುಡ್ಡನ್ನು ಆಟೋ ಟಾಪ್ ಆಫ್‌ಗೆ ಹಾಕಿ. ಆವಿಯಾದಷ್ಟು ಸಿಹಿನೀರನ್ನು ಅದೇ ತುಂಬುತ್ತದೆ. ಪುಟ್ಟ ಹವಳದ ಟ್ಯಾಂಕಿಗೆ ಒಂದೇ ಒಂದು ಉಪಕರಣ ಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಮತ್ತೆ ನೆನಪಿಡಿ: ಆವಿಯಾದದ್ದಕ್ಕೆ ಸಿಹಿನೀರು, ತೆಗೆದು ಬದಲಿಸುವುದಕ್ಕೆ ಉಪ್ಪುನೀರು. ಹೊಸಬರು ಆವಿಯಾದದ್ದಕ್ಕೂ ಉಪ್ಪುನೀರನ್ನೇ ತುಂಬಿದರೆ ಉಪ್ಪು ದಿನೇದಿನೇ ಏರುತ್ತಾ ಹೋಗುತ್ತದೆ.

ಕರೆಂಟ್_ಕಾವಲು
ಸುರಕ್ಷತೆಯ ಎರಡು ಮಾತು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಉಪ್ಪಿನ ಪುಡಿ ಎಲ್ಲೆಂದರಲ್ಲಿ ಹತ್ತಿಕೊಳ್ಳುತ್ತದೆ. ಟ್ಯಾಂಕಿನ ಲೈನಿಗೆ, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ಪ್ರತಿ ವೈರ್ ಪ್ಲಗ್‌ಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗಲಿ, ಆಗ ಹನಿ ಕೆಳಗೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಇಡಬೇಡಿ.

ಕರೆಂಟ್ ಹೋದಾಗ ಹೀಟರಿಗಿಂತ ಮೊದಲು ಆಮ್ಲಜನಕದ ಚಿಂತೆ ಮಾಡಿ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಪಕ್ಕದಲ್ಲೇ ಇರಲಿ. ಹೀಟರ್ ಆನ್ ಆಗಿಯೇ ಕಚ್ಚಿಕೊಳ್ಳುವುದೂ ಉಂಟು, ಅದಕ್ಕೆ ಬೇರೆಯೇ ಒಂದು ತಾಪ ನಿಯಂತ್ರಕದ ಮೂಲಕ ಓಡಿಸಿ.

ಹೊಸ_ತೊಟ್ಟಿ
ಸೈಕಲ್ ಮುಗಿಯಿತು! ಒಣ ಕಲ್ಲು, ಒಂದು ಬೀಜದ ಕಲ್ಲು, ಆಟೋ ಟಾಪ್ ಆಫ್ ಎಲ್ಲ ಇದೆ. ಲೈಟ್ ಹಾಕಿದ ಮೇಲೆ ಮರಳು, ಗಾಜು ಎಲ್ಲ ಕಂದು ಪುಡಿ. ಇದಕ್ಕೆ ಏನಾದರೂ ಔಷಧಿ ಹಾಕಬೇಕಾ?

ಹವಳಪ್ರಿಯೆ
ಔಷಧಿ ಹಾಕಬೇಡಿ. ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಸಿಲಿಕೇಟ್ ತಿಂದು ಬೆಳೆಯುತ್ತದೆ, ಕೆಲವು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ಆಮೇಲೆ ಹಸಿರು ಪಾಚಿ ಬರುತ್ತದೆ, ಅದೂ ಒಂದು ಘಟ್ಟ. ಗಾಜು ಉಜ್ಜಿ, ಟಿಡಿಎಸ್ ನೋಡಿ, ಲೈಟ್ ದಿನಕ್ಕೆ ಆರೇಳು ಗಂಟೆ ಸಾಕು. ಈಗ ಎರಡು ಮೂರು ಟ್ರೋಕಸ್ ಬಸವನಹುಳು ತರಬಹುದು. ಮಗುಚಿ ಬಿದ್ದರೂ ಎದ್ದು ಕೂರುತ್ತವೆ. ಪಾಚಿಗಿಂತ ಜಾಸ್ತಿ ಹುಳು ತಂದರೆ ಹಸಿವಿನಿಂದ ಸಾಯುತ್ತವೆ. ಬಸವನಹುಳು, ಸಿಗಡಿ ಉಪ್ಪಿನ ವ್ಯತ್ಯಾಸಕ್ಕೆ ತುಂಬಾ ಸೂಕ್ಷ್ಮ. ಹನಿಹನಿಯಾಗಿ ನಿಮ್ಮ ನೀರನ್ನು ಸೇರಿಸುತ್ತಾ ನಿಧಾನವಾಗಿ ಹೊಂದಿಸಿ.

ಸಿಗಡಿ_ಸಂಗಾತಿ
ನನ್ನ ಸಮಸ್ಯೆ ಬೇರೆ. ನೈಟ್ರೇಟ್ 0, ಫಾಸ್ಫೇಟ್ 0. ಆದರೂ ಗುಳ್ಳೆ ಸಿಕ್ಕಿಕೊಂಡ ಕಂದು ಲೋಳೆ ದಾರ. ಬೆಳಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಇಷ್ಟು ಶುಚಿ ನೀರಿನಲ್ಲಿ ಹೇಗೆ?

ನೀರುಪರೀಕ್ಷೆ
ನಿಮ್ಮ ವಿವರಣೆ ಲೋಳೆಯಂತೆ ಹರಡುವ ಸೂಕ್ಷ್ಮಜೀವಿ ಡೈನೋಫ್ಲಾಜೆಲೇಟ್‌ಗೆ ಹೊಂದುತ್ತದೆ. ಸೂಕ್ಷ್ಮದರ್ಶಕ ಸಿಕ್ಕರೆ ಒಂದು ಹನಿ ನೋಡಿ ಖಚಿತ ಮಾಡಿಕೊಳ್ಳಿ. ತೀರಾ ಶುಚಿ ಅನ್ನುವುದೇ ಇಲ್ಲಿ ತೊಂದರೆ. ಪೋಷಕಾಂಶ ಸೊನ್ನೆಯಾದರೆ ಒಳ್ಳೆಯ ಬ್ಯಾಕ್ಟೀರಿಯಾ, ಪಾಚಿ ಎಲ್ಲ ಸೊರಗುತ್ತವೆ, ಡೈನೋ ಆ ಜಾಗ ಹಿಡಿಯುತ್ತದೆ. ಹವಳವೂ ಹಸಿದು ಬಣ್ಣ ಕಳೆದುಕೊಳ್ಳುತ್ತದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಇರಲಿ. ಫಾಸ್ಫೇಟ್ ಹೀರುವ ಪುಡಿ ಏನಾದರೂ ಇದ್ದರೆ ತೆಗೆಯಿರಿ. ಸ್ವಲ್ಪ ಹೆಚ್ಚು ಆಹಾರ ಕೊಡಿ, ನೀರು ಬದಲಿಸುವುದನ್ನು ಕೆಲ ದಿನ ನಿಲ್ಲಿಸಿ.

ಹೊಸ_ತೊಟ್ಟಿ ಅವರೇ, ನಿಮಗೂ ಈ ಅಂಕೆಗಳೇ. ಜೊತೆಗೆ ಆಲ್ಕಲಿನಿಟಿ (ಮುಖ್ಯವಾಗಿ ನೀರಿನ ಬೈಕಾರ್ಬೊನೇಟ್ ಅಳತೆ) ಡಿಕೆಎಚ್ ಮಾನದಲ್ಲಿ 8ರಿಂದ 9, ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ. ಮೊದಮೊದಲು ವಾರದ ನೀರು ಬದಲಾವಣೆಯೇ ಇವನ್ನು ಹಿಡಿದಿಡುತ್ತದೆ. ಗಟ್ಟಿ ಹವಳ ಬೆಳೆದು ಆಲ್ಕಲಿನಿಟಿ ಇಳಿಯತೊಡಗಿದಾಗ ಮಾತ್ರ ಡೋಸಿಂಗ್ (ಕಡಿಮೆಯಾದ ಖನಿಜವನ್ನು ಅಳೆದು ಸೇರಿಸುವುದು) ಯೋಚಿಸಿ. ಅಳೆಯದ ವಸ್ತುವನ್ನು ಟ್ಯಾಂಕಿಗೆ ಹಾಕಬೇಡಿ. ಪಿಎಚ್ 7.9 ಕಂಡರೆ ಅದನ್ನು ಏರಿಸಲು ಪುಡಿ ಹುಡುಕಬೇಡಿ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುತ್ತದೆ, ಕಿಟಕಿ ತೆಗೆದರೆ ಎಷ್ಟೋ ಸಲ ತಾನೇ ಏರುತ್ತದೆ.

ಹೊಸ_ತೊಟ್ಟಿ
ಕಂದು ಪುಡಿ ಹೋಯಿತು. ಈಗ ಮೀನು, ಹವಳ. ಯಾವುದು ಮೊದಲು?

ಹವಳಪ್ರಿಯೆ
ಹವಳದ ಬಗ್ಗೆ ನಾನು ಹೇಳುತ್ತೇನೆ, ಆದರೆ ಮೊದಲು ಒಂದು ಎಚ್ಚರಿಕೆ. ದಯವಿಟ್ಟು ಗಮನ ಕೊಟ್ಟು ಓದಿ.

ಎಲ್ಲರೂ ಮೊದಲು ತರುವುದು ಜೋವಾಂಥಿಡ್, ಅಂದರೆ ಜೋವಾ ಮತ್ತು ಪಾಲಿ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಅತಿ ಉಗ್ರ ವಿಷ ಇರುತ್ತದೆ. ನೋಡಿ ಹೇಳಲು ಆಗುವುದಿಲ್ಲ. ಕತ್ತರಿಸುವಾಗ, ಕಲ್ಲು ಎತ್ತುವಾಗ ಕೈಗವಸು, ಕನ್ನಡಕ ಹಾಕಿ. ಕೈಯಲ್ಲಿ ಗಾಯ ಇದ್ದರೆ ಮುಟ್ಟಬೇಡಿ. ಇವು ಬೆಳೆದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರಿನಲ್ಲಿ ಉಜ್ಜಬೇಡಿ. ಆವಿಯ ಜೊತೆ ವಿಷ ಗಾಳಿಗೆ ಸೇರುತ್ತದೆ. ಹೀಗೆ ಕುದಿಸಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ದಾಖಲಾಗಿವೆ. ಉಸಿರಾಟದ ತೊಂದರೆ, ಜ್ವರ, ಬಾಯಲ್ಲಿ ಲೋಹದ ರುಚಿ ಕಂಡರೆ ತಕ್ಷಣ ವೈದ್ಯರ ಬಳಿ ಹೋಗಿ, ಹವಳ ಮುಟ್ಟಿದ್ದನ್ನು ಹೇಳಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಜೋವಾ ಬಿಟ್ಟು ಬೇರೆಯದರಿಂದ ಶುರು ಮಾಡಿ.

ಮಶ್ರೂಮ್ ಹವಳ, ಲೆದರ್ ಹವಳ, ಹಸಿರು ಸ್ಟಾರ್ ಪಾಲಿಪ್ ಇವು ಹೊಸಬರ ಸ್ನೇಹಿತರು. ಸ್ಟಾರ್ ಪಾಲಿಪ್ ಮಾತ್ರ ಮರಳಿನ ನಡುವೆ ಒಂಟಿ ಕಲ್ಲಿನ ಮೇಲೆ ಇಡಿ. ಮುಖ್ಯ ಕಲ್ಲಿಗೆ ಹತ್ತಿದರೆ ಚಾಪೆ ಹಾಸಿದಂತೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮೂರ್ನಾಲ್ಕು ತಿಂಗಳಾದ ಮೇಲೆ ಡಂಕನ್, ಕ್ಯಾಂಡಿ ಕೇನ್, ಹ್ಯಾಮರ್ ಎಂಬ ಗಟ್ಟಿ ಹವಳ ತರಬಹುದು. ಹ್ಯಾಮರ್ ರಾತ್ರಿ ಉದ್ದನೆಯ ಎಳೆ ಚಾಚಿ ಪಕ್ಕದವರನ್ನು ಕುಟುಕುತ್ತದೆ. ಸುತ್ತ ಒಂದು ಗೇಣು ಜಾಗ ಬಿಡಿ. ಸಾಕಲು ಕಷ್ಟವಾದ ಅಕ್ರೋಪೊರಾ ಹವಳವನ್ನು ಈ ವರ್ಷ ನೋಡಲೇಬೇಡಿ.

ಹವಳದೊಳಗೆ ಜೂಜ್ಯಾಂಥೆಲ್ಲೆ ಅನ್ನುವ ಪಾಚಿ ಕೋಶಗಳಿವೆ, ಬೆಳಕಿನಿಂದ ಊಟ ತಯಾರಿಸುವುದು ಅವೇ. ಹಾಗಂತ ಹೊಸ ಹವಳಕ್ಕೆ ಪೂರ್ತಿ ಬೆಳಕು ಬಿಟ್ಟರೆ ಬಿಳಿಚಿಕೊಳ್ಳುತ್ತದೆ. ಮೃದು ಹವಳಕ್ಕೆ 50ರಿಂದ 100 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ) ಸಾಕು. ಮೊದಲು ಕೆಳಗೆ ಇಡಿ, ವಾರಗಟ್ಟಲೆ ನಿಧಾನವಾಗಿ ಮೇಲೆ ತನ್ನಿ. ದಿನಾ ಜಾಗ ಬದಲಿಸಬೇಡಿ.

ಕೊನೆಯದಾಗಿ, ಎಲ್ಲ ಗಟ್ಟಿ ಹವಳಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಕೆಲವು ದೇಶಗಳಲ್ಲಿ ಹವಳ ಕೊಳ್ಳುವುದು, ಇಟ್ಟುಕೊಳ್ಳುವುದೇ ಅಪರಾಧ. ನೀವಿರುವ ಕಡೆಯ ಕಾನೂನು ನೋಡದೆ ಒಂದು ಚೂರೂ ತರಬೇಡಿ. ಕಾನೂನು ಒಪ್ಪಿದರೂ ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡು, ಅಂದರೆ ಫ್ರಾಗ್ ಮಾತ್ರ ಕೇಳಿ. ಟ್ಯಾಂಕಿನ ನೀರಿಗೆ ಮೊದಲೇ ಒಗ್ಗಿದ್ದು ಗಟ್ಟಿಯಾಗಿಯೂ ಇರುತ್ತದೆ.

ಅಲೆಗಾರ
ಮೀನು: ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಎರಡು ಒಸೆಲಾರಿಸ್ ಕ್ಲೌನ್, ಒಂದು ಚೂರು ದೊಡ್ಡದು, ಒಂದು ಚಿಕ್ಕದು. ಎಲ್ಲವೂ ಗಂಡಾಗಿ ಶುರುವಾಗುತ್ತವೆ, ಮೇಲುಗೈ ಆದದ್ದು ಹೆಣ್ಣಾಗುತ್ತದೆ. ಜೊತೆಗೆ ಒಂದು ಪುಟ್ಟ ಗೋಬಿ. 80 ಲೀಟರಿಗೆ ಇಷ್ಟೇ. ಫೈರ್‌ಫಿಶ್ ತಂದರೆ ಬಲೆಯ ಮುಚ್ಚಳ ಹಾಕಲೇಬೇಕು, ಹಾರಿಬಿಡುತ್ತದೆ. ಮ್ಯಾಂಡರಿನ್ ಮೀನು ಎಷ್ಟೇ ಚೆಂದ ಇದ್ದರೂ ಬೇಡ. ಅದು ಹಗಲೆಲ್ಲ ಜೀವಂತ ಕೋಪೆಪಾಡ್ ಹೆಕ್ಕಿ ತಿನ್ನುತ್ತದೆ, ನಿಮ್ಮ ಟ್ಯಾಂಕಿನಲ್ಲಿ ಅಷ್ಟು ಸಿಗುವುದಿಲ್ಲ.

ಮೀನನ್ನು ನೇರ ಬಿಡಬೇಡಿ, ಬೇರೆ ಟ್ಯಾಂಕಿನಲ್ಲಿ ಕ್ವಾರಂಟೈನ್ ಮಾಡಿ. ಸಮುದ್ರದ ಬಿಳಿಚುಕ್ಕೆ ರೋಗ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿಯಿಂದ ಬರುತ್ತದೆ. ಅದರ ತಾಮ್ರದ ಔಷಧಿಯನ್ನು ಹವಳದ ಟ್ಯಾಂಕಿಗೆ ಹಾಕುವ ಹಾಗಿಲ್ಲ. ಒಮ್ಮೆ ಒಳಗೆ ಬಂದರೆ ಮೀನನ್ನೆಲ್ಲ ಹೊರಗೆ ತೆಗೆದು ಟ್ಯಾಂಕನ್ನು ಖಾಲಿ ಬಿಡಬೇಕು. ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವುದು 76 ದಿನ. ಅದಕ್ಕಿಂತ ಒಂದು ಪುಟ್ಟ ಡಬ್ಬಿ, ಸ್ಪಾಂಜ್ ಫಿಲ್ಟರ್ ಇಡುವುದು ಸುಲಭ ಅಲ್ವಾ?

ಹೊಸ_ತೊಟ್ಟಿ
ಖಂಡಿತ. ಕಾನೂನು ನೋಡಿಕೊಂಡೇ ಮುಂದೆ ಹೋಗುತ್ತೇನೆ. ಕ್ವಾರಂಟೈನ್ ಡಬ್ಬಿ ಸಿದ್ಧ ಮಾಡುತ್ತೇನೆ. ಕೊನೆಯ ಪ್ರಶ್ನೆ: ಒಂದು ವಾರ ಊರಲ್ಲಿ ಇರದಿದ್ದರೆ? ಟಾಪ್ ಆಫ್‌ಗೆ 20 ಲೀಟರಿನ ಡಬ್ಬಿ ಇಟ್ಟು ಹೋಗಲಾ?

ಕರೆಂಟ್_ಕಾವಲು
ಅಷ್ಟು ದೊಡ್ಡದು ಬೇಡ. ಸೆನ್ಸರ್ ಮೇಲೆ ಪಾಚಿ ಕೂತರೆ ಅಥವಾ ಬಸವನಹುಳು ಹತ್ತಿ ಕೂತರೆ ಪಂಪ್ ನಿಲ್ಲದೇ ಓಡಬಹುದು. 80 ಲೀಟರಿಗೆ 20 ಲೀಟರ್ ಸಿಹಿನೀರು ಒಟ್ಟಿಗೇ ಬಿದ್ದರೆ ಉಪ್ಪು 35ರಿಂದ 28ಕ್ಕೆ ಇಳಿಯುತ್ತದೆ, ಉಳಿದದ್ದು ನೆಲದ ಮೇಲೆ. ಹೊರಡುವ ಮೊದಲು ಒಂದು ವಾರ ಎಷ್ಟು ಆವಿಯಾಗುತ್ತದೆ ಅಳೆಯಿರಿ. ಅದಕ್ಕಿಂತ ಒಂದೆರಡು ಲೀಟರ್ ಮಾತ್ರ ಹೆಚ್ಚು ಇಡಿ. ಎರಡು ಸೆನ್ಸರ್ ಇರುವ ಟಾಪ್ ಆಫ್ ಆದರೆ ಇನ್ನೂ ಒಳ್ಳೆಯದು.

ಹವಳಪ್ರಿಯೆ
ಮತ್ತೆ, ಹೊರಡುವ ವಾರದಲ್ಲಿ ಹೊಸ ಮೀನು, ಹೊಸ ಹವಳ, ಹೊಸ ಉಪಕರಣ ಯಾವುದೂ ಬೇಡ. ಯಾರಾದರೂ ಬಂದು ಆಹಾರ ಹಾಕುವವರಿದ್ದರೆ ಒಂದೊಂದು ದಿನದ ಪಾಲನ್ನು ಬೇರೆ ಬೇರೆ ಪುಟ್ಟ ಡಬ್ಬಿಯಲ್ಲಿ ಇಟ್ಟು, ದೊಡ್ಡ ಪ್ಯಾಕೆಟ್ ಬಚ್ಚಿಡಿ. ಎರಡು ಕ್ಲೌನ್‌ಗೆ ದಿನ ಬಿಟ್ಟು ದಿನ ಹಾಕಿದರೂ ಸಾಕು.

ಹೊಸ_ತೊಟ್ಟಿ
ಸರಿ, ಇವತ್ತೇ ನೀರಿನ ಮಟ್ಟಕ್ಕೆ ಗುರುತು ಹಾಕಿ ಅಳೆಯಲು ಶುರು ಮಾಡುತ್ತೇನೆ. ಲೆದರ್ ಫ್ರಾಗ್ ಸಿಕ್ಕಿದ ಮೇಲೆ ಫೋಟೋ ಹಾಕುತ್ತೇನೆ, ಜಾಗ ಸರಿ ಇದೆಯಾ ನೀವೆಲ್ಲ ನೋಡಿ ಹೇಳಬೇಕು.